ಮಾಡ್ಯೂಲ್ ಇದೆಯೋ ಇಲ್ಲವೋ? ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಸಿಸ್ಟಂನಲ್ಲಿ ಯಾವ ಮಾಡ್ಯೂಲ್‌ಗಳಿವೆ (ಅಂದರೆ ನಮ್ಮ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡ್) ಅಂತ ನೋಡೋದು ಹೇಗೆ, ನೋಡಿದ ಮೇಲೂ ಯಾಕೆ ಪ್ರೋಗ್ರಾಂ ಓಡಲ್ಲ ಅಂತ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಮಾಡಿ, 'ಹೈಫನ್' ಅಂದಲ್ಲಿ ಅಡ್ಡಗೆರೆ ಹಾಕಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಪ್ರಶ್ನೆ: ಆಫೀಸಿನಲ್ಲಿ ಹಳೇ ಲಿನಕ್ಸ್ ಸರ್ವರ್ ಒಂದನ್ನು ನನ್ನ ತಲೆಗೆ ಕಟ್ಟಿದ್ದಾರೆ. ಅದರ ತುಂಬಾ ಪರ್ಲ್ ಸ್ಕ್ರಿಪ್ಟ್‌ಗಳು. ಎಲ್ಲವನ್ನೂ ಹೊಸ ಸರ್ವರ್‌ಗೆ ಸಾಗಿಸಬೇಕಂತೆ. ಯಾವ ಯಾವ ಮಾಡ್ಯೂಲ್ ಹಾಕಿದ್ದಾರೆ ಅಂತ ನೋಡಲು 'ಪರ್ಲ್‌ಡಾಕ್ ಪರ್ಲ್‌ಲೋಕಲ್' ಕೊಟ್ಟೆ. ಮೂರ್ನಾಲ್ಕು ಹೆಸರು ಬಂದವು ಅಷ್ಟೇ. ಸ್ಕ್ರಿಪ್ಟ್‌ಗಳು ಬಳಸೋದು ಅದಕ್ಕಿಂತ ಎಷ್ಟೋ ಜಾಸ್ತಿ. ಉಳಿದವೆಲ್ಲ ಎಲ್ಲಿ ಹೋದವು ಸರ್?

ಉತ್ತರ: ಎಲ್ಲೂ ಹೋಗಿಲ್ಲ, ಅಲ್ಲೇ ಇವೆ. ಪರ್ಲ್‌ಲೋಕಲ್ ಅನ್ನೋದು ಬರೀ ಒಂದು ದಾಖಲೆ ಫೈಲ್. ಯಾರಾದರೂ ಸಿಪ್ಯಾನ್ ಅನ್ನೋ ಪರ್ಲ್ ಮಾಡ್ಯೂಲ್ ಭಂಡಾರದಿಂದ ಮಾಡ್ಯೂಲ್ ಇಳಿಸಿ 'ಮೇಕ್ ಇನ್‌ಸ್ಟಾಲ್' ಮಾಡಿದಾಗ ಅದರ ಕೊನೆಗೆ ಒಂದು ನಮೂದು ಸೇರುತ್ತದೆ. ಡೆಬಿಯನ್, ಉಬುಂಟು ಥರದ ಸಿಸ್ಟಂಗಳಲ್ಲಿ ಪ್ಯಾಕೇಜ್ ಮ್ಯಾನೇಜರ್ ಮೂಲಕ ಹಾಕಿದ್ದು ಆ ಫೈಲಿಗೆ ಹೋಗುವುದೇ ಇಲ್ಲ. ಪರ್ಲ್ ಜೊತೆಗೇ ಬರುವ ನೂರಾರು ಮಾಡ್ಯೂಲ್‌ಗಳೂ ಅಲ್ಲಿ ಕಾಣುವುದಿಲ್ಲ. ನಿಮಗಿಂತ ಮುಂಚೆ ಈ ಸರ್ವರ್ ನೋಡಿಕೊಳ್ಳುತ್ತಿದ್ದವರು ಕೈಯಾರೆ ಹಾಕಿದ ಮೂರ್ನಾಲ್ಕು ಮಾತ್ರ ನಿಮಗೆ ಕಂಡಿವೆ. 'ಇನ್‌ಸ್ಟ್‌ಮಾಡ್‌ಎಸ್‌ಎಚ್' ಅಂತ ಪರ್ಲ್ ಜೊತೆಗೇ ಬರುವ ಇನ್ನೊಂದು ಕಮಾಂಡ್ ಇದೆ. ಅದೂ ಪ್ಯಾಕ್‌ಲಿಸ್ಟ್ ಅನ್ನೋ ದಾಖಲೆಗಳನ್ನೇ ನಂಬಿಕೊಂಡಿರೋದರಿಂದ ಡೆಬಿಯನ್‌ನಲ್ಲಿ ಎಷ್ಟೋ ಸಲ 'ಪರ್ಲ್' ಅನ್ನೋ ಒಂದೇ ಹೆಸರು ತೋರಿಸಿ ಸುಮ್ಮನಾಗುತ್ತದೆ.

ದಾಖಲೆ ನೋಡದೆ ಫೋಲ್ಡರ್‌ಗಳಿಗೇ ಇಳಿದು ಹುಡುಕುವುದು 'ಸಿಪ್ಯಾನ್ ಹೈಫನ್ ಎಲ್'. ಮಾಡ್ಯೂಲ್ ಹೆಸರು, ಪಕ್ಕದಲ್ಲಿ ವರ್ಷನ್, ಹೀಗೆ ಉದ್ದಕ್ಕೆ ಸುರಿಯುತ್ತದೆ. ಒಂದು ಫೈಲಿಗೆ ಹಾಕಿಟ್ಟುಕೊಳ್ಳಿ. ಯಾವ ಫೋಲ್ಡರ್‌ಗಳಲ್ಲಿ ಹುಡುಕುತ್ತದೆ ಅಂತ ಗೊತ್ತಾಗಬೇಕಾದರೆ 'ಪರ್ಲ್ ಹೈಫನ್ ದೊಡ್ಡ ವಿ' ಕೊಟ್ಟು ಕೊನೆಯ ಕೆಲವು ಸಾಲು ನೋಡಿ. ಅಟ್ ಐಎನ್‌ಸಿ ಅನ್ನೋ ತಲೆಬರಹದ ಕೆಳಗೆ ಅವು ಸಾಲಾಗಿ ಇರುತ್ತವೆ.

ಆದರೆ ಒಂದು ಮಾತು. ಸರ್ವರ್ ಸಾಗಿಸುವವರಿಗೆ ಬೇಕಾದ್ದು ಈ ಪಟ್ಟಿ ಅಲ್ಲವೇ ಅಲ್ಲ. ಹಳೇ ಸರ್ವರ್‌ನಲ್ಲಿ ಯಾರೋ ಯಾವತ್ತೋ ಹಾಕಿ ಮರೆತ ಮಾಡ್ಯೂಲ್‌ಗಳನ್ನೆಲ್ಲ ಹೊಸದಕ್ಕೆ ಹೊತ್ತುಕೊಂಡು ಹೋಗಿ ಏನು ಮಾಡುತ್ತೀರಿ? ಸ್ಕ್ರಿಪ್ಟ್‌ಗಳು ಏನು ಕೇಳುತ್ತವೆ ಅದು ಬೇಕು. 'ಗ್ರೆಪ್' ಹಾಕಿ 'ಯೂಸ್', 'ರಿಕ್ವೈರ್' ಅಂತ ಶುರುವಾಗುವ ಸಾಲುಗಳನ್ನು ಎತ್ತಿಕೊಳ್ಳಿ. ಎರಡೆರಡು ಸಲ ಬಂದದ್ದನ್ನು ತೆಗೆಯಿರಿ. ಉಳಿದ ಒಂದೊಂದು ಹೆಸರನ್ನೂ ಹೊಸ ಸರ್ವರ್‌ನಲ್ಲಿ ಹೀಗೆ ಪರೀಕ್ಷೆ ಮಾಡಿ: 'ಪರ್ಲ್', ಆಮೇಲೆ ಹೈಫನ್ ದೊಡ್ಡ ಎಂ, ಅದಕ್ಕೆ ಅಂಟಿಕೊಂಡೇ ಮಾಡ್ಯೂಲ್ ಹೆಸರು, ಆಮೇಲೆ ಹೈಫನ್ ಇ, ಕೊನೆಗೆ ಒಂದು ಅನ್ನೋ ಅಂಕಿ. ಏನೂ ಮಾತಾಡದೆ ಪ್ರಾಂಪ್ಟ್ ವಾಪಸ್ ಬಂತು ಅಂದರೆ ಮಾಡ್ಯೂಲ್ ಇದೆ. ಇಲ್ಲದಿದ್ದರೆ 'ಕಾಂಟ್ ಲೊಕೇಟ್' ಅಂತ ಶುರುವಾಗುವ ಉದ್ದನೆಯ ಬೈಗುಳ ಬರುತ್ತದೆ. ಬೈಗುಳದ ಕೊನೆಯಲ್ಲಿ ಎಲ್ಲೆಲ್ಲಿ ಹುಡುಕಿದೆ ಅಂತಲೂ ಹೇಳುತ್ತದೆ, ಅದನ್ನು ಓದದೆ ಬಿಡಬೇಡಿ.

ಹಳೇ ಪರ್ಲ್‌ನಿಂದ ಹೊಸದಕ್ಕೆ ಹೋಗುವವರು ಎರಡು ಕಡೆ ಎಡವುತ್ತಾರೆ. ಒಂದು, ಸಿಜಿಐ ಮಾಡ್ಯೂಲ್. ಮೊದಲು ಅದು ಪರ್ಲ್ ಜೊತೆಗೇ ಬರುತ್ತಿತ್ತು, ಯಾರೂ ಪ್ರತ್ಯೇಕವಾಗಿ ಹಾಕುತ್ತಿರಲಿಲ್ಲ. 2015ರಲ್ಲಿ ಬಂದ 5.22ರಲ್ಲಿ ಅದನ್ನು ತೆಗೆದರು. ಹಳೇ ವೆಬ್ ಸ್ಕ್ರಿಪ್ಟ್ ಇದ್ದರೆ ಇದು ಗ್ಯಾರಂಟಿ ಕೈಕೊಡುತ್ತದೆ. ಎರಡು, 2017ರ 5.26ರಿಂದ ಪರ್ಲ್ ತಾನು ನಿಂತಿರುವ ಫೋಲ್ಡರ್‌ನಲ್ಲಿ ತಾನಾಗಿ ಮಾಡ್ಯೂಲ್ ಹುಡುಕುವುದನ್ನು ನಿಲ್ಲಿಸಿತು, ಭದ್ರತೆಯ ಕಾರಣಕ್ಕೆ. ಸ್ಕ್ರಿಪ್ಟ್ ಪಕ್ಕದಲ್ಲೇ ಮಾಡ್ಯೂಲ್ ಫೈಲ್ ಕಣ್ಣಿಗೆ ಕಾಣುವ ಹಾಗೆ ಕೂತಿರುತ್ತದೆ, ಆದರೂ 'ಸಿಗಲಿಲ್ಲ' ಅನ್ನುತ್ತದೆ. ಆಗ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಸ್ಕ್ರಿಪ್ಟ್‌ನಲ್ಲಿ 'ಯೂಸ್ ಲಿಬ್' ಸಾಲು ಸೇರಿಸಿ ಫೋಲ್ಡರ್ ತೋರಿಸಿದರೆ ಸಾಕು.

ಇನ್ನೊಂದು, ಸ್ಕ್ರಿಪ್ಟ್‌ಗಳ ಮೊದಲ ಸಾಲು ನೋಡಿ, ಯಾವ ಪರ್ಲ್ ಮೇಲೆ ಓಡಬೇಕು ಅಂತ ಅಲ್ಲಿರುತ್ತದೆ. ಹಳೇ ಸರ್ವರ್‌ಗಳಲ್ಲಿ ಎರಡು ಪರ್ಲ್ ಇರೋದು ಮಾಮೂಲು, ಸಿಸ್ಟಂ ಜೊತೆ ಬಂದದ್ದು ಒಂದು, ಯಾರೋ 'ಲೋಕಲ್' ಫೋಲ್ಡರ್‌ನಲ್ಲಿ ಕಟ್ಟಿಕೊಂಡದ್ದು ಒಂದು. ನೀವು ಪಟ್ಟಿ ತೆಗೆದದ್ದು ಯಾವುದರದ್ದು, ಸ್ಕ್ರಿಪ್ಟ್ ಓಡೋದು ಯಾವುದರ ಮೇಲೆ ಅನ್ನೋದು ಬೇರೆ ಬೇರೆ ಆಗಿರಬಹುದು. ಮುಂದಿನ ಪ್ರಶ್ನೆಯ ಗೋಳೂ ಇದೇ.

ಪ್ರಶ್ನೆ: ಪೈಥಾನ್‌ಗೆ ಪ್ಯಾಕೇಜ್ ಹಾಕುವ ಪಿಪ್‌ನಲ್ಲಿ 'ಪಿಪ್ ಲಿಸ್ಟ್' ಕೊಟ್ಟರೆ ರಿಕ್ವೆಸ್ಟ್ಸ್ ಅನ್ನೋ ಹೆಸರು ಚೆನ್ನಾಗಿಯೇ ಕಾಣುತ್ತದೆ. ಪ್ರೋಗ್ರಾಂ ಓಡಿಸಿದರೆ 'ಮಾಡ್ಯೂಲ್ ನಾಟ್ ಫೌಂಡ್'. ಮತ್ತೆ ಇನ್‌ಸ್ಟಾಲ್ ಮಾಡಲು ಹೋದರೆ 'ಆಲ್ರೆಡಿ ಸ್ಯಾಟಿಸ್‌ಫೈಡ್' ಅನ್ನುತ್ತದೆ. ಇಬ್ಬರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ? ನಾನು ಎರಡನೇ ವರ್ಷದ ವಿದ್ಯಾರ್ಥಿನಿ, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ, ಆದರೆ ಬೇರೆ ಬೇರೆ ಪೈಥಾನ್ ಬಗ್ಗೆ.

'ಸಿಸ್ಟಂನಲ್ಲಿ ಇರುವ ಮಾಡ್ಯೂಲ್‌ಗಳು' ಅಂತ ನಾವೆಲ್ಲ ಹೇಳುತ್ತೇವೆ, ಆದರೆ ಹಾಗೊಂದು ಪಟ್ಟಿ ಎಲ್ಲೂ ಇರುವುದಿಲ್ಲ. ಒಂದೊಂದು ಇಂಟರ್‌ಪ್ರಿಟರ್‌ಗೂ, ಅಂದರೆ ಕೋಡ್ ಓದಿ ಓಡಿಸುವ ಒಂದೊಂದು ಪ್ರೋಗ್ರಾಂಗೂ, ಅದರದ್ದೇ ಪಟ್ಟಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸಿಸ್ಟಂ ಜೊತೆ ಬಂದ ಪೈಥಾನ್ ಒಂದು, ವೆಬ್‌ಸೈಟಿನಿಂದ ಇಳಿಸಿದ್ದು ಒಂದು, ಅನಕೊಂಡಾ ಹಾಕಿದ್ದರೆ ಅದರದ್ದೊಂದು, ಪ್ರಾಜೆಕ್ಟ್‌ಗಾಗಿ ಮಾಡಿಕೊಂಡ ವರ್ಚುವಲ್ ಎನ್ವಿರಾನ್‌ಮೆಂಟ್ ಇದ್ದರೆ ಅದೂ ಒಂದು, ಹೀಗೆ ನಾಲ್ಕು ಇದ್ದರೂ ಆಶ್ಚರ್ಯವಿಲ್ಲ. 'ಪಿಪ್' ಅಂತ ಬರೀ ಹೆಸರು ಟೈಪ್ ಮಾಡಿದಾಗ ಆ ನಾಲ್ಕರಲ್ಲಿ ಯಾವುದರ ಪಿಪ್ ಎದ್ದು ಬರುತ್ತದೆ ಅನ್ನೋದು ಪಾತ್ ಸೆಟ್ಟಿಂಗ್ (ಕಮಾಂಡ್‌ಗಳನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಅನ್ನೋ ಪಟ್ಟಿ) ಮೇಲೆ ಹೋಗುತ್ತದೆ. 'ಪೈಥಾನ್' ಅಂತ ಟೈಪ್ ಮಾಡಿದಾಗಲೂ ಹಾಗೇ. ಎರಡೂ ಒಂದೇ ಕಡೆಯಿಂದ ಬರಬೇಕು ಅಂತ ರೂಲ್ ಏನಿಲ್ಲ.

ಸುಮ್ನೆ ಒಂದು ಸಲ 'ಪಿಪ್ ಹೈಫನ್ ಹೈಫನ್ ವರ್ಷನ್' ಕೊಟ್ಟು ನೋಡಿ. ಎಲ್ಲರೂ ಪಿಪ್‌ನ ನಂಬರ್ ಓದಿ ಮುಂದೆ ಹೋಗುತ್ತಾರೆ. ಆ ಸಾಲಿನ ಉಳಿದ ಭಾಗದಲ್ಲೇ ಉತ್ತರ ಇರೋದು. ನಂಬರ್ ಆದ ಮೇಲೆ 'ಫ್ರಮ್' ಅಂತ ಬಂದು ಒಂದು ಫೋಲ್ಡರ್ ವಿಳಾಸ ಬರುತ್ತದೆ, ಕೊನೆಗೆ ಆವರಣದಲ್ಲಿ ಪೈಥಾನ್ 3.11 ಅಂತಲೋ 3.13 ಅಂತಲೋ ಇರುತ್ತದೆ. ಈಗ ಪೈಥಾನ್ ತೆರೆದು 'ಇಂಪೋರ್ಟ್ ಸಿಸ್' ಹೊಡೆದು 'ಸಿಸ್ ಡಾಟ್ ಎಕ್ಸಿಕ್ಯೂಟಬಲ್' ಏನು ಅಂತ ಪ್ರಿಂಟ್ ಮಾಡಿಸಿ. ಎರಡು ವಿಳಾಸ ಅಕ್ಷರಶಃ ಒಂದೇ ಇರುವುದಿಲ್ಲ, ಆದರೆ ಅವು ಬೇರೆ ಬೇರೆ ಪೈಥಾನ್‌ನವು ಆಗಿದ್ದರೆ ಕಳ್ಳ ಸಿಕ್ಕಿಬಿದ್ದ.

ಇದಕ್ಕೆ ಗಟ್ಟಿ ಪರಿಹಾರ ಅಂದರೆ ಬರೀ ಪಿಪ್ ಬಳಸುವುದನ್ನು ಬಿಟ್ಟುಬಿಡಿ. 'ಪೈಥಾನ್ ಹೈಫನ್ ಎಂ ಪಿಪ್ ಲಿಸ್ಟ್' ಅಂತ ಕೊಡಿ, ಇನ್‌ಸ್ಟಾಲ್‌ಗೂ ಹೀಗೇ. ಪ್ರೋಗ್ರಾಂ ಓಡಿಸಲು ಯಾವ ಪೈಥಾನ್ ಕರೆಯುತ್ತೀರೋ ಅದನ್ನೇ ಇಲ್ಲೂ ಮುಂದೆ ಹಾಕಿದರೆ ತಪ್ಪು ಪಟ್ಟಿ ಬರೋಕೆ ಜಾಗವೇ ಇಲ್ಲ. ಎರಡು ಪದ ಜಾಸ್ತಿ ಟೈಪ್ ಮಾಡಬೇಕು, ಮಾಡಿ. ವಿಂಡೋಸ್‌ನಲ್ಲಿ ಎಷ್ಟು ಪೈಥಾನ್ ಇವೆ ಅಂತ ನೋಡಲು 'ಪಿವೈ ಹೈಫನ್ ಹೈಫನ್ ಲಿಸ್ಟ್', ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ 'ವಿಚ್ ಹೈಫನ್ ಎ ಪೈಥಾನ್3'.

ನೀವು ಜುಪಿಟರ್ ನೋಟ್‌ಬುಕ್ ಬಳಸುತ್ತಿದ್ದರೆ ಇನ್ನೊಂದು ವಿಷಯ. ನೋಟ್‌ಬುಕ್‌ನ ಸೆಲ್‌ನಲ್ಲಿ ಆಶ್ಚರ್ಯಸೂಚಕ ಹಾಕಿ ಪಿಪ್ ಕರೆದರೆ ಅದು ಟರ್ಮಿನಲ್‌ನ ಪಿಪ್. ಶೇಕಡಾ ಚಿಹ್ನೆ ಹಾಕಿ ಕರೆದರೆ ಆ ನೋಟ್‌ಬುಕ್ ಓಡುತ್ತಿರುವ ಕರ್ನಲ್‌ನ, ಅಂದರೆ ಅದರ ಹಿಂದಿರುವ ಪೈಥಾನ್‌ನ ಪಿಪ್. ಯಾವಾಗಲೂ ಶೇಕಡಾ.

ಪ್ರಶ್ನೆ: ಸ್ಕ್ರಿಪ್ಟ್ ಕೈಯಲ್ಲಿ ಓಡಿಸಿದರೆ ಸರಿ, ನಿಗದಿತ ಹೊತ್ತಿಗೆ ತಾನಾಗಿ ಓಡಿಸುವ ಕ್ರಾನ್‌ನಲ್ಲಿ ರಾತ್ರಿ ಓಡುವಾಗ ಮಾತ್ರ ಮಾಡ್ಯೂಲ್ ಇಲ್ಲ ಅಂತ ಫೇಲ್ ಆಗುತ್ತದೆ. ರಾತ್ರಿ ಹೊತ್ತು ಮಾಡ್ಯೂಲ್ ಎಲ್ಲಿಗೆ ಹೋಗುತ್ತದೆ?

ಉತ್ತರ: ನಿದ್ದೆಗೆ ಹೋಗುತ್ತದೆ! ತಮಾಷೆ ಸಾಕು, ಮೇಲಿನ ಉತ್ತರವನ್ನೇ ನಿಮಗೂ ಕೊಡುತ್ತಿದ್ದೇನೆ. ಕ್ರಾನ್ ನಿಮ್ಮ ಶೆಲ್ ಸೆಟ್ಟಿಂಗ್ ಓದುವುದಿಲ್ಲ, ಅದರ ಪಾತ್ ತೀರಾ ಚಿಕ್ಕದು. ಹಾಗಾಗಿ ಅದು ಸಿಸ್ಟಂನ ಪೈಥಾನ್ ಹಿಡಿಯುತ್ತದೆ, ನೀವು ಹಗಲು ಓಡಿಸುವುದು ವರ್ಚುವಲ್ ಎನ್ವಿರಾನ್‌ಮೆಂಟ್‌ನದ್ದು. ಕ್ರಾನ್ ಸಾಲಿನಲ್ಲಿ ಆ ಎನ್ವಿರಾನ್‌ಮೆಂಟ್‌ನ 'ಬಿನ್' ಫೋಲ್ಡರ್ ಒಳಗಿನ ಪೈಥಾನ್‌ನ ಪೂರ್ತಿ ವಿಳಾಸ ಬರೆಯಿರಿ. ಆಕ್ಟಿವೇಟ್ ಮಾಡುವ ಗೋಜೂ ಬೇಡ.

ಪ್ರಶ್ನೆ: ಪ್ರೋಗ್ರಾಂನಲ್ಲಿ 'ಇಂಪೋರ್ಟ್ ಸಿವಿ2' ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಪಿಪ್ ಪಟ್ಟಿಯಲ್ಲಿ ಸಿವಿ2 ಅಂತ ಎಲ್ಲೂ ಇಲ್ಲ. ಜೇಸನ್, ಎಸ್‌ಕ್ಯೂಲೈಟ್3 ಕೂಡ ಪಟ್ಟಿಯಲ್ಲಿಲ್ಲ, ಆದರೂ ಓಡುತ್ತವೆ. ಪಟ್ಟಿ ಅರ್ಧಂಬರ್ಧ ಬರುತ್ತಿದೆಯಾ?

ಉತ್ತರ: ಇಲ್ಲಿ ಎರಡು ಬೇರೆ ಬೇರೆ ಕಾರಣ ಇವೆ. ಪಿಪ್ ತೋರಿಸುವುದು ಇನ್‌ಸ್ಟಾಲ್ ಮಾಡಿದ ಪ್ಯಾಕೇಜ್‌ನ ಹೆಸರು, ಪ್ರೋಗ್ರಾಂನಲ್ಲಿ ನೀವು ಬರೆಯುವುದು ಒಳಗಿನ ಮಾಡ್ಯೂಲ್‌ನ ಹೆಸರು. ಜಾಸ್ತಿ ಕಡೆ ಎರಡೂ ಒಂದೇ ಇರುತ್ತವೆ, ಅದಕ್ಕೇ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಿವಿ2 ಬರೋದು 'ಓಪನ್‌ಸಿವಿ ಹೈಫನ್ ಪೈಥಾನ್' ಅನ್ನೋ ಪ್ಯಾಕೇಜ್‌ನಿಂದ. ಪಿಐಎಲ್ ಬೇಕಾದರೆ ಪಿಲ್ಲೋ ಹಾಕಬೇಕು. ಎಸ್‌ಕೆಲರ್ನ್‌ಗೆ ಸೈಕಿಟ್ ಹೈಫನ್ ಲರ್ನ್, ಯಾಮಲ್‌ಗೆ ಪೈಯಾಮಲ್, ಬಿಎಸ್4ಗೆ ಬ್ಯೂಟಿಫುಲ್‌ಸೂಪ್4. ನಿಮ್ಮ ಬಳಿ ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದಿದ್ದರೆ 'ಇಂಪೋರ್ಟ್‌ಲಿಬ್ ಡಾಟ್ ಮೆಟಾಡೇಟಾ' ಒಳಗೆ 'ಪ್ಯಾಕೇಜಸ್ ಡಿಸ್ಟ್ರಿಬ್ಯೂಶನ್ಸ್' ಅನ್ನೋ ಫಂಕ್ಷನ್ ಇದೆ, ಎರಡು ಪದದ ನಡುವೆ ಅಂಡರ್‌ಸ್ಕೋರ್. ಯಾವ ಮಾಡ್ಯೂಲ್ ಯಾವ ಪ್ಯಾಕೇಜ್‌ನದ್ದು ಅಂತ ಅದೇ ಜೋಡಿಸಿ ಕೊಡುತ್ತದೆ.

ಜೇಸನ್, ಎಸ್‌ಕ್ಯೂಲೈಟ್3 ಇವೆಲ್ಲ ಪೈಥಾನ್‌ನ ಸ್ವಂತ ಲೈಬ್ರರಿ. ಅವನ್ನು ಪಿಪ್ ಹಾಕಿಲ್ಲ, ಹಾಗಾಗಿ ಅದರ ಲೆಕ್ಕದಲ್ಲಿ ಅವು ಬರುವುದಿಲ್ಲ. ಅವುಗಳ ಪಟ್ಟಿ ಬೇಕಿದ್ದರೆ 'ಸಿಸ್' ಒಳಗೆ 'ಎಸ್‌ಟಿಡಿಲಿಬ್ ಮಾಡ್ಯೂಲ್ ನೇಮ್ಸ್' ನೋಡಿ, ಇಲ್ಲೂ ಪದಗಳ ನಡುವೆ ಅಂಡರ್‌ಸ್ಕೋರ್, ಇದೂ 3.10ರಿಂದ. 'ಹೆಲ್ಪ್' ಒಳಗೆ 'ಮಾಡ್ಯೂಲ್ಸ್' ಅಂತ ಹಾಕಿದರೆ ಎಲ್ಲ ಒಟ್ಟಿಗೆ ಬರುತ್ತದೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಬರುತ್ತದೆ, ಸುಳ್ಳಲ್ಲ. ಆದರೆ ಅದು ಪಟ್ಟಿ ಮಾಡಲು ಪ್ಯಾಕೇಜ್‌ಗಳನ್ನು ಇಂಪೋರ್ಟ್ ಮಾಡುತ್ತಾ ಹೋಗುತ್ತದೆ, ಅಂದರೆ ಅವುಗಳ ಕೋಡ್ ಓಡಿಸುತ್ತದೆ. ತುಂಬಾ ಪ್ಯಾಕೇಜ್ ಇರುವ ಮಶೀನ್‌ನಲ್ಲಿ ಹೊತ್ತು ಹಿಡಿಯುತ್ತದೆ, ನಡುವೆ ಎಲ್ಲೆಲ್ಲಿಂದಲೋ ವಾರ್ನಿಂಗ್ ಬರುತ್ತವೆ. ನಾನಂತೂ ಯಾರಿಗೂ ಹೇಳುವುದಿಲ್ಲ.

ಪ್ರಶ್ನೆ: ಪಿಪ್ ಪಟ್ಟಿಯಲ್ಲಿ ನಾನು ಹಾಕದೇ ಇರೋ ಹೆಸರುಗಳಿವೆ. ಇಡ್ನಾ, ಸರ್ಟಿಫೈ ಅಂತೆಲ್ಲ. ವೈರಸ್ ಇರಬಹುದಾ?

ಉತ್ತರ: ಆ ಎರಡು ಹೆಸರಿಗೆ ಹೆದರಬೇಡಿ, ನೀವು ರಿಕ್ವೆಸ್ಟ್ಸ್ ಹಾಕಿರುತ್ತೀರಿ. ಅದೊಂದನ್ನು ಹಾಕಿದರೆ ಇಡ್ನಾ, ಸರ್ಟಿಫೈ, ಯುಆರ್‌ಎಲ್‌ಲಿಬ್3, ಚಾರ್‌ಸೆಟ್ ನಾರ್ಮಲೈಜರ್ ನಾಲ್ಕೂ ಹಿಂದೆ ಬರುತ್ತವೆ. ಯಾವ ಹೆಸರಿನ ಮೇಲಾದರೂ ಅನುಮಾನ ಬಂದರೆ 'ಪಿಪ್ ಶೋ' ಅಂತ ಹಾಕಿ ಪಕ್ಕದಲ್ಲಿ ಆ ಹೆಸರು ಬರೆಯಿರಿ. ಕೊನೆಯ ಸಾಲು 'ರಿಕ್ವೈರ್ಡ್ ಬೈ'. ಯಾರಿಗೋಸ್ಕರ ಅದು ಬಂದಿದೆ ಅಂತ ಅಲ್ಲಿರುತ್ತದೆ. ಅದು ಖಾಲಿ ಇದ್ದು, ನೀವೂ ಹಾಕಿಲ್ಲ ಅಂತ ಖಚಿತ ಇದ್ದರೆ ಆಗ ವಿಚಾರ ಮಾಡಬೇಕಾದ್ದೇ. ಮುಖ್ಯವಾಗಿ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಓದಿ. ಹೆಸರಾಂತ ಪ್ಯಾಕೇಜ್‌ನ ಹೆಸರಲ್ಲಿ ಒಂದು ಅಕ್ಷರ ಆಚೀಚೆ ಮಾಡಿ, ಅವಸರದಲ್ಲಿ ತಪ್ಪು ಟೈಪ್ ಮಾಡುವವರಿಗಾಗಿ ಕಾದು ಕೂರುವ ಕೆಟ್ಟ ಪ್ಯಾಕೇಜ್‌ಗಳು ನಿಜಕ್ಕೂ ಇವೆ. ಚಾಟ್‌ಬಾಟ್ ಬರೆದುಕೊಟ್ಟ ಕೋಡ್‌ನಲ್ಲಿರುವ ಪ್ಯಾಕೇಜ್ ಹೆಸರನ್ನು ಕಣ್ಣುಮುಚ್ಚಿ ಇನ್‌ಸ್ಟಾಲ್ ಮಾಡಬೇಡಿ ಅನ್ನೋದೂ ಇದಕ್ಕೇ. ಇಲ್ಲದ ಹೆಸರನ್ನೂ ಅದು ಸಲೀಸಾಗಿ ಬರೆದುಬಿಡುತ್ತದೆ.

ಪ್ರಶ್ನೆ: 'ರ‍್ಯಾಂಡಮ್' ಮಾಡ್ಯೂಲ್ ಪೈಥಾನ್ ಜೊತೆಗೇ ಬರುತ್ತದೆ ಅಲ್ವಾ? ನನ್ನ ಸಿಸ್ಟಂನಲ್ಲಿ ಇಂಪೋರ್ಟ್ ಆಗುತ್ತದೆ, ಆದರೆ 'ರ‍್ಯಾಂಡಿಂಟ್' ಇಲ್ಲ ಅನ್ನುತ್ತದೆ. ಪೈಥಾನ್ ತೆಗೆದು ಹಾಕಿದೆ, ಆದರೂ ಅಷ್ಟೇ.

ಉತ್ತರ: ನೀವು ಅಭ್ಯಾಸಕ್ಕೆ ಬರೆದ ಪ್ರೋಗ್ರಾಂ ಫೈಲಿಗೆ ಏನು ಹೆಸರಿಟ್ಟಿದ್ದೀರಿ? 'ರ‍್ಯಾಂಡಮ್ ಡಾಟ್ ಪಿವೈ' ಅಂತ ತಾನೇ? ಪೈಥಾನ್ ಮೊದಲು ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲೇ ಹುಡುಕುತ್ತದೆ, ಅಲ್ಲಿ ಆ ಹೆಸರಿನದು ಸಿಕ್ಕರೆ ಅದನ್ನೇ ಎತ್ತಿಕೊಳ್ಳುತ್ತದೆ. 'ಪ್ರಿಂಟ್' ಒಳಗೆ 'ರ‍್ಯಾಂಡಮ್ ಡಾಟ್' ಬರೆದು, ಎರಡು ಅಂಡರ್‌ಸ್ಕೋರ್, 'ಫೈಲ್', ಮತ್ತೆ ಎರಡು ಅಂಡರ್‌ಸ್ಕೋರ್ ಹಾಕಿ ನೋಡಿ. ಯಾವ ಫೈಲ್ ಒಳಗೆ ಬಂದಿದೆ ಅಂತ ವಿಳಾಸ ಸಮೇತ ಹೇಳುತ್ತದೆ. ಮಾಡ್ಯೂಲ್ ಇದೆಯಾ ಅನ್ನೋದಕ್ಕಿಂತ ಎಲ್ಲಿಂದ ಬಂತು ಅನ್ನೋದು ಒಳ್ಳೇ ಪ್ರಶ್ನೆ, ಯಾವ ಭಾಷೆಯಲ್ಲಾದರೂ. ಪರ್ಲ್‌ನಲ್ಲಿ ಇದಕ್ಕೆ 'ಪರ್ಲ್‌ಡಾಕ್ ಹೈಫನ್ ಎಲ್', ರೂಬಿಯಲ್ಲಿ 'ಜೆಮ್ ವಿಚ್', ನೋಡ್‌ನಲ್ಲಿ 'ರಿಕ್ವೈರ್ ಡಾಟ್ ರಿಸಾಲ್ವ್'. ಸದ್ಯಕ್ಕೆ ನಿಮ್ಮ ಫೈಲಿನ ಹೆಸರು ಬದಲಿಸಿ. ಪೈಥಾನ್ ತೆಗೆದು ಹಾಕುವ ಕೆಲಸ ಇನ್ನು ಬೇಡ.

ಪ್ರಶ್ನೆ: 'ಪಿಎಚ್‌ಪಿ ಹೈಫನ್ ಎಂ' ಕೊಟ್ಟರೆ ಎಂಬಿಸ್ಟ್ರಿಂಗ್ ಅನ್ನೋ ಎಕ್ಸ್‌ಟೆನ್ಶನ್ ಇದೆ ಅಂತ ತೋರಿಸುತ್ತದೆ. ವೆಬ್ ಪುಟದಲ್ಲಿ 'ಎಂಬಿ ಸ್ಟ್ರಲೆನ್' ಫಂಕ್ಷನ್ ಇಲ್ಲ ಅಂತ ಎರರ್. ಸರ್ವರ್ ರೀಸ್ಟಾರ್ಟ್ ಕೂಡ ಮಾಡಿದೆ.

ಉತ್ತರ: ಟರ್ಮಿನಲ್‌ನಲ್ಲಿ ಓಡುವ ಪಿಎಚ್‌ಪಿ ಬೇರೆ, ವೆಬ್ ಸರ್ವರ್‌ಗೆ ಕೆಲಸ ಮಾಡುವ ಪಿಎಚ್‌ಪಿ ಬೇರೆ. ಡೆಬಿಯನ್, ಉಬುಂಟುಗಳಲ್ಲಿ ಎರಡಕ್ಕೂ ಸೆಟ್ಟಿಂಗ್ ಫೋಲ್ಡರ್‌ಗಳೇ ಪ್ರತ್ಯೇಕ, 'ಸಿಎಲ್ಐ' ಅಂತ ಒಂದು, 'ಎಫ್‌ಪಿಎಂ' ಅಥವಾ 'ಅಪಾಚೆ2' ಅಂತ ಇನ್ನೊಂದು. ಸಿಎಲ್ಐಗೆ ಚಾಲೂ ಇರುವ ಎಕ್ಸ್‌ಟೆನ್ಶನ್ ಇನ್ನೊಂದಕ್ಕೆ ಬಂದ್ ಇರಬಹುದು. ಎರಡರ ವರ್ಷನ್ನೇ ಬೇರೆ ಇರುವುದಂತೂ ಇನ್ನೂ ಸಾಮಾನ್ಯ: ಟರ್ಮಿನಲ್‌ನಲ್ಲಿ 8.3, ಸೈಟ್ ಓಡುತ್ತಿರುವುದು ಇನ್ನೂ 8.1ರ ಮೇಲೆ. ಎಂಬಿಸ್ಟ್ರಿಂಗ್ ಅನ್ನು 8.3ಕ್ಕೆ ಹಾಕಿ 8.1ರಲ್ಲಿ ಹುಡುಕಿದರೆ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಬರುವುದಿಲ್ಲ.

'ಪಿಎಚ್‌ಪಿ ಹೈಫನ್ ಹೈಫನ್ ಐಎನ್‌ಐ' ಕೊಟ್ಟರೆ ಟರ್ಮಿನಲ್‌ನದ್ದು ಯಾವ ಸೆಟ್ಟಿಂಗ್ ಫೈಲ್ ಓದುತ್ತಿದೆ ಅಂತ ಕಾಣುತ್ತದೆ. ವೆಬ್‌ನದ್ದು ನೋಡಲು ಎಫ್‌ಪಿಎಂ ಪ್ರೋಗ್ರಾಂಗೇ 'ಹೈಫನ್ ಎಂ' ಕೊಡಬಹುದು. ಇಲ್ಲವೇ 'ಪಿಎಚ್‌ಪಿ ಇನ್ಫೋ' ಕರೆಯುವ ಒಂದು ಸಾಲಿನ ಫೈಲ್ ಸೈಟಿಗೆ ಹಾಕಿ ಬ್ರೌಸರ್‌ನಲ್ಲಿ ತೆರೆಯಿರಿ. ನೋಡಿಯಾದ ಕೂಡಲೇ ಆ ಫೈಲ್ ಅಳಿಸಿ. ಸರ್ವರ್‌ನ ಒಳಗಿನ ವಿಳಾಸಗಳು, ವರ್ಷನ್‌ಗಳು, ಕೆಲವು ಸಲ ಎನ್ವಿರಾನ್‌ಮೆಂಟ್‌ನಲ್ಲಿಟ್ಟ ಪಾಸ್‌ವರ್ಡ್ ಕೂಡ ಆ ಪುಟದಲ್ಲಿ ಬರುತ್ತದೆ. ಇಂಥ ಪುಟಗಳನ್ನೇ ಹುಡುಕಿಕೊಂಡು ತಿರುಗುವವರಿದ್ದಾರೆ.

ಪ್ರಶ್ನೆ: ಜಾವಾಸ್ಕ್ರಿಪ್ಟ್ (ನೋಡ್) ಪ್ರಾಜೆಕ್ಟ್‌ನಲ್ಲಿ 'ಎನ್‌ಪಿಎಂ ಎಲ್‌ಎಸ್' ಕೊಟ್ಟರೆ ಹತ್ತು-ಹನ್ನೆರಡು ಹೆಸರು. ನೋಡ್ ಮಾಡ್ಯೂಲ್ಸ್ ಫೋಲ್ಡರ್ ತೆರೆದರೆ ನೂರಾರು. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ. 2020ರಲ್ಲಿ ಬಂದ ಎನ್‌ಪಿಎಂ 7ರಿಂದ ಮೇಲಿನ ಹಂತದವು ಮಾತ್ರ ಕಾಣುತ್ತವೆ, ಎಲ್ಲ ಬೇಕಿದ್ದರೆ 'ಹೈಫನ್ ಹೈಫನ್ ಆಲ್' ಸೇರಿಸಿ. ಒಂದು ಹೆಸರು ಯಾಕೆ ಬಂದಿದೆ ಅನ್ನೋದಕ್ಕೆ 'ಎನ್‌ಪಿಎಂ ಎಕ್ಸ್‌ಪ್ಲೇನ್' ಇದೆ. ಪಟ್ಟಿಯಲ್ಲಿ 'ಎಕ್ಸ್‌ಟ್ರೇನಿಯಸ್' ಅಂತ ಬಂದರೆ ಫೋಲ್ಡರ್‌ನಲ್ಲಿದೆ, ಪ್ರಾಜೆಕ್ಟ್ ಫೈಲ್ ಅದನ್ನು ಕೇಳಿಲ್ಲ ಅಂತ. 'ಅನ್‌ಮೆಟ್' ಅಂತ ಬಂದರೆ ಕೇಳಿದೆ, ಆದರೆ ಇಲ್ಲ ಅಂತ. ಅಂದ ಹಾಗೆ, 'ಹೈಫನ್ ಜಿ' ಹಾಕಿ ಗ್ಲೋಬಲ್ ಆಗಿ ಇನ್‌ಸ್ಟಾಲ್ ಮಾಡಿದ್ದನ್ನು ನಿಮ್ಮ ಕೋಡ್‌ನ 'ರಿಕ್ವೈರ್' ಹುಡುಕುವುದಿಲ್ಲ. ಅದಿರುವುದು ಟರ್ಮಿನಲ್‌ನಲ್ಲಿ ಕಮಾಂಡ್‌ನಂತೆ ಬಳಸುವ ಟೂಲ್‌ಗಳಿಗೆ.

ಪ್ರಶ್ನೆ: ನಾನು ಸಂಖ್ಯಾಶಾಸ್ತ್ರದ ಸಂಶೋಧನೆಗೆ ಆರ್ ಬಳಸುತ್ತೇನೆ. ಹೊಸ ಆರ್ ವರ್ಷನ್ ಹಾಕಿದ ಮೇಲೆ ನನ್ನ ಪ್ಯಾಕೇಜ್‌ಗಳೆಲ್ಲ ಮಾಯ! ಅಳಿಸಿಹೋದವಾ?

ಉತ್ತರ: ಅಳಿಸಿಲ್ಲ. ಆರ್ ಪ್ಯಾಕೇಜ್‌ಗಳನ್ನಿಡುವ ನಿಮ್ಮ ಸ್ವಂತ ಫೋಲ್ಡರ್‌ನ ಹೆಸರಲ್ಲೇ ವರ್ಷನ್ ಇರುತ್ತದೆ. 4.4 ಹೋಗಿ 4.5 ಬಂದರೆ ಹೊಸ ಆರ್ ಹೊಸ ಫೋಲ್ಡರ್ ನೋಡುತ್ತದೆ, ಹಳೆಯದು ಪಕ್ಕದಲ್ಲೇ ಇರುತ್ತದೆ. 'ಡಾಟ್ ಲಿಬ್‌ಪಾತ್ಸ್' ಕರೆದರೆ ಈಗ ಎಲ್ಲಿ ನೋಡುತ್ತಿದೆ ಅಂತ ಹೇಳುತ್ತದೆ, ಇದರಲ್ಲಿ ಪಿ ದೊಡ್ಡಕ್ಷರ. ಹಳೇ ಫೋಲ್ಡರ್‌ನಿಂದ ಎಲ್ಲವನ್ನೂ ಕಾಪಿ ಹೊಡೆಯಬೇಡಿ. ಅದರಲ್ಲಿ ಕಂಪೈಲ್ ಆದ ಭಾಗಗಳಿರುತ್ತವೆ, ಹೊಸದರ ಜೊತೆ ಹೊಂದುವುದಿಲ್ಲ ಅಂತ ಆಗಬಹುದು. 2020ರಲ್ಲಿ ಆರ್ 4.0.0 ಬಂದಾಗ ಎಲ್ಲ ಪ್ಯಾಕೇಜ್‌ಗಳನ್ನೂ ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕಾಗಿತ್ತು. ಹಳೇ ಫೋಲ್ಡರ್‌ನ ವಿಳಾಸವನ್ನು 'ಇನ್‌ಸ್ಟಾಲ್ಡ್ ಡಾಟ್ ಪ್ಯಾಕೇಜಸ್' ಫಂಕ್ಷನ್‌ಗೆ ಕೊಟ್ಟು ಹೆಸರುಗಳನ್ನು ತೆಗೆದುಕೊಳ್ಳಿ, ಆ ಹೆಸರುಗಳನ್ನು ಹೊಸ ಆರ್‌ನಲ್ಲಿ ಇನ್‌ಸ್ಟಾಲ್ ಮಾಡಿ. ಒಂದೇ ಪ್ಯಾಕೇಜ್ ಇದೆಯಾ ಅಂತ ನೋಡಲು ಮಾತ್ರ ಈ ಫಂಕ್ಷನ್ ಬಳಸಬೇಡಿ, ಸುಮ್ನೆ ಎಲ್ಲ ಫೋಲ್ಡರ್ ಜಾಲಾಡುತ್ತದೆ. ಅದಕ್ಕೆ 'ರಿಕ್ವೈರ್ ನೇಮ್‌ಸ್ಪೇಸ್' ಸಾಕು, ಎರಡು ಪದ ಸೇರಿಸಿ ಬರೆಯಿರಿ, ಎನ್ ದೊಡ್ಡಕ್ಷರ.

ಪ್ರಶ್ನೆ: ನಮ್ಮ ಮ್ಯಾನೇಜರ್ ಒಂದು ಲೈಬ್ರರಿಯ ಹೆಸರು ಕೊಟ್ಟು 'ಇದು ನಮ್ಮ ಯಾವುದಾದರೂ ಸರ್ವರ್‌ನಲ್ಲಿ ಇದೆಯಾ, ಸಂಜೆಯೊಳಗೆ ಹೇಳಿ' ಅಂದಿದ್ದಾರೆ. ಎಲ್ಲ ಕಡೆ ಪ್ಯಾಕೇಜ್ ಪಟ್ಟಿ ತೆಗೆದೆ, ಎಲ್ಲೂ ಇಲ್ಲ. 'ಇಲ್ಲ' ಅಂತ ಬರೆದುಕೊಡಬಹುದಾ?

ಉತ್ತರ: ತಡೆಯಿರಿ. ಪಟ್ಟಿಯಲ್ಲಿ ಕಾಣಲಿಲ್ಲ ಅಂತ ಬರೆದುಕೊಡಿ, ಇಲ್ಲ ಅಂತ ಬರೆಯಬೇಡಿ. ಎರಡಕ್ಕೂ ಎಷ್ಟು ದೂರ ಅನ್ನೋದು 2021ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ಅರ್ಥ ಆಯಿತು. ಜಾವಾದ ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ದೊಡ್ಡ ತೂತು ಸಿಕ್ಕಿತು, ಲಾಗ್‌ಫೋರ್‌ಶೆಲ್ ಅಂತ ಅದಕ್ಕೆ ಹೆಸರಾಯಿತು. ತೇಪೆ ಬೇಗ ಬಂತು. ಕಷ್ಟವಾದದ್ದು ಆ ಲೈಬ್ರರಿ ತಮ್ಮಲ್ಲಿ ಎಲ್ಲಿದೆ ಅಂತ ಹುಡುಕುವುದು. ಯಾಕೆಂದರೆ ಜಾವಾದಲ್ಲಿ ಲೈಬ್ರರಿ ಸಿಸ್ಟಂಗೆ ಇನ್‌ಸ್ಟಾಲ್ ಆಗಿ ಕೂತಿರುವುದಿಲ್ಲ, ಒಂದೊಂದು ಅಪ್ಲಿಕೇಶನ್‌ನ ಜಾರ್ ಫೈಲ್ ಒಳಗೆ ಸೇರಿಕೊಂಡಿರುತ್ತದೆ. ಜಾರ್ ಒಳಗೆ ಇನ್ನೊಂದು ಜಾರ್, ಅದರೊಳಗೆ ಮತ್ತೊಂದು. ಕೆಲವು ಕಡೆ ಜಾರ್ ಬಿಚ್ಚಿ ಒಳಗಿನ ಕ್ಲಾಸ್‌ಗಳನ್ನಷ್ಟೇ ಬೆರೆಸಿರುತ್ತಾರೆ, ಆಗ ಫೈಲಿನ ಹೆಸರು ಹುಡುಕಿದರೂ ಸಿಗುವುದಿಲ್ಲ. ಅದಕ್ಕೇ ಆಗ ಜನ 'ಜೆಎನ್‌ಡಿಐ ಲುಕಪ್' ಅನ್ನೋ ಕ್ಲಾಸ್‌ನ ಹೆಸರನ್ನೇ ಹಿಡಿದು ಹುಡುಕಿದರು.

ಜಾವಾ ಒಂದರ ಕಥೆ ಅಲ್ಲ ಇದು. ಪಿಪ್‌ನ ಹೊಟ್ಟೆಯೊಳಗೇ ರಿಕ್ವೆಸ್ಟ್ಸ್‌ನ ಒಂದು ಪ್ರತಿ ಇದೆ, 'ವೆಂಡರ್' ಅನ್ನೋ ಫೋಲ್ಡರ್‌ನಲ್ಲಿ. 'ಪಿಪ್ ಲಿಸ್ಟ್' ಅದನ್ನು ತೋರಿಸುವುದಿಲ್ಲ. ಗೋ ಭಾಷೆಯ ಪ್ರೋಗ್ರಾಂ ಆದರೆ ಎಲ್ಲ ಮಾಡ್ಯೂಲ್‌ಗಳೂ ಒಂದೇ ಬೈನರಿಯಲ್ಲಿ ಬೆಸೆದುಕೊಂಡಿರುತ್ತವೆ. ಪುಣ್ಯಕ್ಕೆ 'ಗೋ ವರ್ಷನ್ ಹೈಫನ್ ಎಂ' ಹಾಕಿ ಬೈನರಿ ಹೆಸರು ಕೊಟ್ಟರೆ ಒಳಗಿನ ಪಟ್ಟಿ ಬಿಚ್ಚಿ ತೋರಿಸುತ್ತದೆ. ಕಂಟೈನರ್‌ಗಳಿದ್ದರೆ (ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದ್ದರ ಸಮೇತ ಕಟ್ಟಿಟ್ಟ ಪೊಟ್ಟಣಗಳು) ಒಂದೊಂದರ ಒಳಗೂ ಬೇರೆ ಲೋಕ.

ಹಾಗಾಗಿ ಮೂರು ಹಂತದಲ್ಲಿ ನೋಡಿ. ಮೊದಲು ಪ್ಯಾಕೇಜ್ ಪಟ್ಟಿ, ಅದು ಆಗಿದೆ. ಆಮೇಲೆ ಡಿಸ್ಕ್‌ನಲ್ಲಿ ಆ ಹೆಸರಿನ ಫೈಲ್, ಫೋಲ್ಡರ್ ಇದೆಯಾ ಅಂತ 'ಫೈಂಡ್' ಹಾಕಿ. ಕೊನೆಗೆ ಜಾರ್, ಜಿಪ್, ಕಂಟೈನರ್ ಇಮೇಜ್‌ಗಳ ಒಳಗೆ. ಇದಕ್ಕೆ ಕೈಯಾರೆ ಹೋಗಬೇಡಿ, ಇಮೇಜ್ ಒಳಹೊಕ್ಕು ಎಸ್‌ಬಿಒಎಂ ಅನ್ನೋ ಒಳಸಾಮಗ್ರಿ ಪಟ್ಟಿ ತಯಾರಿಸುವ ಸ್ಕ್ಯಾನರ್‌ಗಳಿವೆ. ಸಂಜೆಯೊಳಗೆ ಇಷ್ಟೂ ಆಗುವುದಿಲ್ಲ ಅಂತ ಮ್ಯಾನೇಜರ್‌ಗೆ ಈಗಲೇ ಹೇಳಿ. ಎಲ್ಲಿವರೆಗೆ ನೋಡಿದ್ದೀರಿ ಅನ್ನೋದನ್ನು ಉತ್ತರದಲ್ಲೇ ಬರೆಯಿರಿ.

ಪ್ರಶ್ನೆ: ಪಟ್ಟಿ ನೋಡಿದ ಮೇಲೆ ಬೇಡದ್ದನ್ನೆಲ್ಲ ತೆಗೆದುಬಿಡೋಣ ಅನಿಸುತ್ತಿದೆ. ಲಿನಕ್ಸ್ ಲ್ಯಾಪ್‌ಟಾಪ್, ಪೈಥಾನ್. ತೆಗೆಯಲಾ?

ಉತ್ತರ: ಯಾವ ಪೈಥಾನ್‌ನಿಂದ ಅನ್ನೋದರ ಮೇಲೆ ಹೋಗುತ್ತದೆ. ಸಿಸ್ಟಂನದ್ದಾದರೆ ಕೈ ಹಾಕಬೇಡಿ, ಲಿನಕ್ಸ್‌ನ ಎಷ್ಟೋ ಸ್ವಂತ ಟೂಲ್‌ಗಳು ಆ ಮಾಡ್ಯೂಲ್‌ಗಳ ಮೇಲೆ ನಿಂತಿವೆ. ಜನ ಕೈ ಹಾಕಿ ಕೆಡಿಸಿಕೊಂಡದ್ದು ಜಾಸ್ತಿ ಆಗಿಯೇ 2023ರ ಡೆಬಿಯನ್ 12ರಿಂದ ಸಿಸ್ಟಂ ಪೈಥಾನ್‌ಗೆ ಪಿಪ್‌ನಿಂದ ಏನಾದರೂ ಹಾಕಲು, ತೆಗೆಯಲು ಹೋದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ತಡೆಯುತ್ತದೆ. ತಡೆ ದಾಟುವ ಆಯ್ಕೆಯ ಹೆಸರೇ 'ಬ್ರೇಕ್ ಸಿಸ್ಟಂ ಪ್ಯಾಕೇಜಸ್'. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು!

ನಿಮ್ಮ ಸ್ವಂತ ವರ್ಚುವಲ್ ಎನ್ವಿರಾನ್‌ಮೆಂಟ್ ಆದರೆ ಧಾರಾಳವಾಗಿ ತೆಗೆಯಿರಿ. ಆದರೆ 'ಪಿಪ್ ಅನ್‌ಇನ್‌ಸ್ಟಾಲ್' ಹೇಳಿದ್ದನ್ನು ಮಾತ್ರ ತೆಗೆಯುತ್ತದೆ, ಅದರ ಹಿಂದೆ ಬಂದವು ಹಾಗೇ ಉಳಿಯುತ್ತವೆ. ಒಂದೊಂದಾಗಿ ಆರಿಸುತ್ತಾ ಕೂರುವ ಬದಲು 'ಪಿಪ್ ಲಿಸ್ಟ್ ಹೈಫನ್ ಹೈಫನ್ ನಾಟ್ ಹೈಫನ್ ರಿಕ್ವೈರ್ಡ್' ಕೊಡಿ. ಬೇರೆ ಯಾರೂ ಕೇಳದ, ಅಂದರೆ ಬಹುಪಾಲು ನೀವೇ ಹಾಕಿದ ಹೆಸರುಗಳು ಬರುತ್ತವೆ. ಅದರಲ್ಲಿ ಬೇಕಾದವನ್ನು ವರ್ಷನ್ ಸಮೇತ ಒಂದು ಫೈಲಿನಲ್ಲಿ ಬರೆದುಕೊಂಡು, ಎನ್ವಿರಾನ್‌ಮೆಂಟ್‌ನ ಫೋಲ್ಡರನ್ನೇ ಅಳಿಸಿ, ಹೊಸದು ಮಾಡಿ ಆ ಫೈಲಿನಿಂದ ಇನ್‌ಸ್ಟಾಲ್ ಮಾಡಿ. ನಿಮ್ಮ ಕೋಡ್ ಆ ಫೋಲ್ಡರ್‌ನ ಒಳಗಿಲ್ಲ ಅಂತ ಅಳಿಸುವ ಮುಂಚೆ ನೋಡಿಕೊಳ್ಳಿ.